ಕಂಸಾಳೆಯ ಖಳ

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ದೇವರಗುಡ್ಡರೆಂಬ ಗಾಯಕರು ಹಾಡುವ ಮಲೆ ಮಾದೇಶ್ವರ ಕಾವ್ಯದಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟವನು ಖಳ ಶ್ರವಣ ದೊರೆ. (ಮಾದೇಶ್ವರ, ಅಂದರೆ ನಮ್ಮ ಮಾದಪ್ಪ, ಮುನಿಯದಿರಲಿ!) ಬಂಕಾಪುರಿಯ ಈ ಭೂಪ ದೇವಾನುದೇವತೆಗಳನ್ನೇ ಸೆರೆಹಿಡಿದು ಚಾಕರಿಗೆ ಹಚ್ಚಿದವನು. ಅವನ ಸೊಕ್ಕು ಮುರಿಯಲು ಮಾದಪ್ಪ ಹರಳಯ್ಯನಿಂದ ಅರಗಿನ ಪಾದರಕ್ಷೆ ಮಾಡಿಸುತ್ತಾನೆ. ಹೌದು, 12ನೇ ಶತಮಾನದ ಕಲ್ಯಾಣ ಕ್ರಾಂತಿಯಲ್ಲಿ ಪ್ರಾಣ ತೆತ್ತ ಅದೇ ಹರಳಯ್ಯ. ಮೆಟ್ಟಿದ ಅರಗಿಗೆ ಬೆಂಕಿ ತಗುಲಿ ದೊರೆ ಉರಿದುಹೋಗುತ್ತಾನೆ. ಹಾಡುಗಾರರು ಬೇರೆ ಬೇರೆ ಕಾಲದವರನ್ನು ಕಲಸಿದ್ದಾರೆಂದು ಪಂಡಿತರು ಗೊಣಗಲಿ. ಕಲ್ಯಾಣದ ದೊರೆ ಕೊಲ್ಲಿಸಿದವನ ಕೈಕೆಲಸದಿಂದಲೇ ಇನ್ನೊಬ್ಬ ದೊರೆಯನ್ನು ಮುಗಿಸಿದ ಆ ಜನಪದ ಜಾಣ್ಮೆಗೆ ನಾನಂತೂ ಸೋತಿದ್ದೇನೆ.

ಹಾಡುಗಾರಿಕೆಯೂ ಅಷ್ಟೇ ಚತುರ. ಒಂದು ಕೈಯಲ್ಲಿ ಕಂಚಿನ ಬಟ್ಟಲು, ಇನ್ನೊಂದರಲ್ಲಿ ಗೊಂಡೆ ಕಟ್ಟಿದ ತಾಳ; ಈ ಜೋಡಿಯೇ ಕಂಸಾಳೆ. ಮುಮ್ಮೇಳದವನು ಶ್ರವಣನ ಜಂಬ ಕೊಚ್ಚುತ್ತಿದ್ದಂತೆ ಹಿಮ್ಮೇಳ ಸೊಲ್ಲೆತ್ತಿ ಅವನನ್ನು ಉಬ್ಬಿಸುತ್ತದೆ, ಕಂಸಾಳೆ ಅಣಕಿಸುತ್ತದೆ.