ತೋಟದ ಶೆಡ್ಡಿಗೆ ಎಂಥ ಒಳಮೈ?

ಮಲೆನಾಡು, ಕರಾವಳಿಯ ಅಡಿಕೆ ತೋಟಗಳಲ್ಲಿ ಶೆಡ್ಡಿನ ಒಳಗೂ ಈಗ ಪೇಟೆ ಮನೆಯ ಅಲಂಕಾರ ಕಾಣಿಸುತ್ತಿದೆ. ಗೋಡೆಗೆ ಪಿವಿಸಿ ಪ್ಯಾನೆಲ್, ತಗಡಿನ ಮಾಡಿನಡಿ ಜಿಪ್ಸಂ ಸೀಲಿಂಗ್, ಮೂಲೆಯಲ್ಲಿ ಪ್ಲೈವುಡ್ ಕಪಾಟು. ಬೇಸಿಗೆಯಲ್ಲಿ ಮುಗಿಸಿದ ಕೆಲಸ ನೋಡಲು ಚೆಂದವೇ. ಆದರೆ ಈ ಆಯ್ಕೆ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಇಂಥ ಸೀಮೆಯಲ್ಲಿ ಒಳಮೈಯ ಸಾಮಾನನ್ನು ಎರಡೇ ಪ್ರಶ್ನೆ ಕೇಳಿ ಆರಿಸಬೇಕು. ಒದ್ದೆಯಾದರೆ ಬೇಗ ಆರುತ್ತದೆಯೇ? ಅದರ ಹಿಂದೆ ಏನಾಗಿದೆ ಎಂದು ಬಿಚ್ಚಿ ನೋಡಲು ಬರುತ್ತದೆಯೇ?

ಶೆಡ್ಡಿನಲ್ಲಿ ಏನಿರುತ್ತದೆ ಎಂಬುದನ್ನೂ ಮರೆಯಬಾರದು. ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ ಮತ್ತು ಸುಣ್ಣ, ಗೊಬ್ಬರದ ಚೀಲ, ಗಟಾರು ಪಂಪು, ದೋಟಿ, ಕತ್ತಿ. ಯೂರಿಯಾ ಗಾಳಿಯ ತೇವವನ್ನು ಹೀರಿ ನೀರೊಡೆಯುತ್ತದೆ. ಮೈಲುತುತ್ತದ ನೀರು ತಾಗಿದ ಕಬ್ಬಿಣದ ಮೊಳೆ, ತಗಡಿನ ಸತುವಿನ ಲೇಪ ಎರಡೂ ಸವೆಯುತ್ತವೆ. ಹೊರಗಿನ ಮಳೆಯ ಜೊತೆಗೆ ಒಳಗಿನ ಈ ರಾಸಾಯನಿಕವನ್ನೂ ಗೋಡೆ ತಡೆದುಕೊಳ್ಳಬೇಕು.

ಜಿಪ್ಸಂ ಹಲಗೆಯ ಎರಡೂ ಮೈಗೆ ಕಾಗದವಿದೆ. ತೇವ ಸಿಕ್ಕಿದರೆ ಆ ಕಾಗದವೇ ಬೂಷ್ಟಿಗೆ ಆಹಾರ, ಒಳಗಿನ ಜಿಪ್ಸಂ ಮೆತ್ತಗಾಗಿ ಜೋತುಬೀಳುತ್ತದೆ. ರಾತ್ರಿ ತಣಿದ ತಗಡು ಒಳಮೈಯಲ್ಲಿ ಬೆವರುತ್ತದೆ, ಆ ಹನಿ ಬೀಳುವುದು ನೇರ ಸೀಲಿಂಗಿನ ಮೇಲೆ. ಮಾಡಿಗೂ ಸೀಲಿಂಗಿಗೂ ನಡುವಿನ ಕತ್ತಲಲ್ಲಿ ಇಲಿ ಸಂಸಾರ ಹೂಡಿದರೆ ಅದನ್ನು ಹುಡುಕಿ ಹಾವೂ ಬರುತ್ತದೆ.

ಪಿವಿಸಿ ಪ್ಯಾನೆಲ್ ನೀರಿಗೆ ಹೆದರುವುದಿಲ್ಲ, ನಿಜ. ಅದರ ದೋಷ ಬೇರೆ: ಹಿಂದಿನ ಗೋಡೆ ಆರಲು ಅದು ಬಿಡುವುದಿಲ್ಲ. ಪ್ಯಾನೆಲ್ಲಿನ ಹಿಂದೆ ಗೆದ್ದಲು ಮಣ್ಣಿನ ದಾರಿ ಕಟ್ಟಿ ಮಾಡಿನ ಪಕಾಸಿಗೆ ಏರಿದರೂ ಗೊತ್ತಾಗುವುದಿಲ್ಲ. ಜೊತೆಗೆ, ಉರಿದರೆ ಪಿವಿಸಿ ಹೈಡ್ರೋಜನ್ ಕ್ಲೋರೈಡ್ ಎಂಬ ಉಸಿರುಕಟ್ಟಿಸುವ ಅನಿಲ ಕಾರುತ್ತದೆ. ಅಡಿಕೆ ಬೇಯಿಸುವ ಒಲೆ ಪಕ್ಕದಲ್ಲೇ ಇರುವ ಶೆಡ್ಡಿಗೆ ಇದು ಸಲ್ಲದು. ಗೋಡೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಎಂಬ ಸಲಹೆ ಚಳಿ ದೇಶಗಳದ್ದು. ಅಲ್ಲಿ ಬೆಚ್ಚಗಿನ ಕೋಣೆಯ ತೇವ ತಣ್ಣನೆಯ ಗೋಡೆಯೊಳಗೆ ಹೋಗದಿರಲಿ ಎಂದು ತಡೆ. ನಮ್ಮಲ್ಲಿ ತೇವ ಬರುವುದು ಹೊರಗಿನಿಂದ, ಆ ಹಾಳೆ ಅದನ್ನು ಗೋಡೆಯಲ್ಲೇ ಹಿಡಿದಿಡುತ್ತದೆ.

ಪ್ಲೈವುಡ್ಡನ್ನು ಪೂರ್ತಿ ತಳ್ಳಿಹಾಕಲಾರೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಎಂಆರ್ ದರ್ಜೆಯದು ಯೂರಿಯಾ ಅಂಟಿನದು, ಸತತ ಒದ್ದೆಯಲ್ಲಿ ಪದರು ಬಿಡುತ್ತದೆ. ಹಾಕುವುದಾದರೆ ಐಎಸ್ 710 ಗುರುತಿನ, ಫೀನಾಲ್ ಅಂಟಿನ ಹಲಗೆ ಹಾಕಬೇಕು. ಮೈಲುತುತ್ತ ಕಲಸುವ ಮೂಲೆಗೆ ಸಿಮೆಂಟ್ ಫೈಬರ್ ಹಲಗೆ ಇನ್ನೂ ಮೇಲು. ಗೆದ್ದಲು ತಿನ್ನದು, ತೊಳೆಯಲು ಬರುತ್ತದೆ. ಕೊಯ್ಯುವಾಗ ಏಳುವ ಸಿಲಿಕಾ ದೂಳು ಶ್ವಾಸಕೋಶಕ್ಕೆ ಕೇಡು, ಹಾಗಾಗಿ ಮಾಸ್ಕ್ ಬೇಕೇ ಬೇಕು. ಹಳೆಯ ಆಸ್ಬೆಸ್ಟಾಸ್ ಮಾಡು ಇದ್ದಲ್ಲಿ ಮಾತ್ರ ಸೀಲಿಂಗ್ ತೂಗಿಸಲೆಂದು ಅದಕ್ಕೆ ತೂತು ಕೊರೆಯಲೇಬಾರದು. ಅದರ ನಾರು ಕ್ಯಾನ್ಸರ್‌ಕಾರಕ.

ನನ್ನ ಒಲವು ಎರಡು ಸಾಮಾನಿನ ಕಡೆ. ಒಂದು, ಸುಣ್ಣ. ಮುರಕಲ್ಲಿನ ಗೋಡೆಗೆ ಸುಣ್ಣದ ಗಾರೆ, ಮೇಲೆ ಸುಣ್ಣದ ಬಳಿತ. ಮುರಕಲ್ಲಿನಲ್ಲಿ ರಂಧ್ರಗಳಿವೆ, ಅದು ನೀರು ಹೀರುತ್ತದೆ. ಸುಣ್ಣದ ಗಾರೆ ಆ ತೇವವನ್ನು ಹೊರಬಿಡುತ್ತದೆ. ಅದರ ಕ್ಷಾರಗುಣಕ್ಕೆ ಬೂಷ್ಟು ಸುಲಭದಲ್ಲಿ ಹಿಡಿಯುವುದಿಲ್ಲ. ಮುಂದಿನ ವರ್ಷ ಮನೆಯವರೇ ಮತ್ತೆ ಬಳಿಯಬಹುದು.

ಇನ್ನೊಂದು, ಅಡಿಕೆ ದಬ್ಬೆ. ಮುದಿ ಮರವನ್ನು ಸೀಳಿ, ಒಳಗಿನ ಮೆದು ತಿರುಳು ಕೆತ್ತಿ ತೆಗೆದು, ಚೆನ್ನಾಗಿ ಒಣಗಿಸಿದ ದಬ್ಬೆಯನ್ನು ಬೆರಳು ಸಂದು ಬಿಟ್ಟು ಅಡ್ಡಪಟ್ಟಿಗೆ ಕೂರಿಸಿದರೆ ಹಿಂದೆ ಗಾಳಿಯಾಡುತ್ತದೆ. ಕೆಟ್ಟದ್ದೊಂದನ್ನು ಮಾತ್ರ ಬಿಚ್ಚಿ ಬದಲಿಸಬಹುದು. ಕರಾವಳಿಯವರು ಮರಕ್ಕೆ ಬಳಿಯುತ್ತಿದ್ದ ಗೇರು ಎಣ್ಣೆ ಗೆದ್ದಲನ್ನು ದೂರವಿಡುತ್ತದೆ. ಅದು ಚರ್ಮ ಸುಡುವುದರಿಂದ ಕೈಗವಸು ಬೇಕು. ದಬ್ಬೆಗೂ ಮಿತಿಯಿದೆ: ನೆಲಕ್ಕೆ ತಾಗಿದರೆ ಕೊಳೆಯುತ್ತದೆ, ಸಂದಿಯಲ್ಲಿ ದೂಳು ಕೂರುತ್ತದೆ. ನುಣುಪಾದ ಮೈ ಬೇಕೆನ್ನುವವರಿಗೆ ಬಿದಿರು ಚಾಪೆಯ ಹಲಗೆ ಇದೆ. ಬೆಂಗಳೂರಿನ ಪ್ಲೈವುಡ್ ಸಂಶೋಧನಾ ಸಂಸ್ಥೆ ರೂಪಿಸಿದ ಈ ಹಲಗೆಯಲ್ಲಿ ಹೆಣೆದ ಚಾಪೆಗಳನ್ನು ಫೀನಾಲ್ ಅಂಟಿನಲ್ಲಿ ಅದ್ದಿ ಬಿಸಿಯಲ್ಲಿ ಒತ್ತಿರುತ್ತಾರೆ. ಇಂಥ ಒಳ್ಳೆಯ ಸಾಮಾನು ಹಳ್ಳಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗದೆ ಪಿವಿಸಿ ಮಾತ್ರ ಸಿಗುವುದು ಬೇಸರದ ಸಂಗತಿ.

ಯಾವುದೇ ಹಲಗೆಯಾದರೂ ನೆಲದಿಂದ ಒಂದು ಗೇಣು ಮೇಲಿರಲಿ, ಗೋಡೆಗೂ ಅದಕ್ಕೂ ನಡುವೆ ಗಾಳಿ ಓಡಲಿ, ತಿರುಪು ಸ್ಟೇನ್‌ಲೆಸ್ ಸ್ಟೀಲಿನದಿರಲಿ. ಕೈಯಲ್ಲಿ ಹಣ ಕಡಿಮೆಯಿದ್ದರೆ ಅದನ್ನು ಮೊದಲು ಮಾಡಿನ ಚಾಚು ಉದ್ದ ಮಾಡಲು, ಪಂಚಾಂಗ ಎತ್ತರಿಸಲು ಬಳಸಿ, ಉಳಿದುದರಲ್ಲಿ ಸುಣ್ಣ ಬಳಿದರೆ ಸಾಕು. ಇರಚಲು ಹೊಡೆಯುವ ಗೋಡೆಗೆ ಎಷ್ಟು ದುಬಾರಿ ಒಳಮೈ ಹಚ್ಚಿದರೂ ದಂಡ.