ವೆಸ್ಲಿ ಸೇತುವೆಯ ಸೊಟ್ಟ ಗೆರೆ

ಸತ್ಯಾಗಾಲದ ಕಡೆಯಿಂದ ಶಿವನಸಮುದ್ರಕ್ಕೆ ಹೋಗುವಾಗ ಕಾಣುವ ಹಳೆಯ ಕಲ್ಲುಸೇತುವೆಯನ್ನ ಕೊಳ್ಳೇಗಾಲದ ಕಡೆಯವರು ವೆಸ್ಲಿ ಸೇತುವೆ ಅಂತಾರೆ. ಹೆಸರು ಇಂಗ್ಲಿಷಿನದು, ಹಾಗಾಗಿ ಇದು ಬ್ರಿಟಿಷ್ ಇಂಜಿನಿಯರಿಂಗ್ ಅನ್ನೋ ಮಾತು ಫೋಟೋಗಳ ಕೆಳಗೆಲ್ಲ ಓಡಾಡ್ತಾ ಇರುತ್ತೆ. ನನ್ನ ತಕರಾರು ಇಲ್ಲಿಂದಲೇ ಶುರು.

ಕಟ್ಟಿಸಿದವರು ಮೈಸೂರು ರೆಸಿಡೆಂಟರ ಬಳಿ ಇದ್ದ ರಾಮಸ್ವಾಮಿ ಮೊದಲಿಯಾರ್. ಈ ಕೆಲಸಕ್ಕೆ 'ಜನೋಪಕಾರ ಕಾಮಕರ್ತ' ಎಂಬ ಬಿರುದೂ ಜಹಗೀರೂ ಬಂದವು. ಕಟ್ಟಿದ ರೀತಿ ಪೂರ್ತಿ ನಮ್ಮದೇ: ಕಲ್ಲುಕಂಬ, ಅದರ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಒಂದೂ ಕಮಾನಿಲ್ಲ. ಅಂದರೆ ದೇವಸ್ಥಾನದ ಮಂಟಪವನ್ನು ಉದ್ದಕ್ಕೆ ಎಳೆದು ನದಿಯಲ್ಲಿ ನಿಲ್ಲಿಸಿದ ಹಾಗೆ. ಮಾದರಿ ದೂರದಲ್ಲೇನೂ ಇರಲಿಲ್ಲ. ಶ್ರೀರಂಗಪಟ್ಟಣದಲ್ಲಿ 1804ರಲ್ಲಿ ಪೂರ್ಣಯ್ಯನವರ ಉಸ್ತುವಾರಿಯಲ್ಲಿ ಆದ ವೆಲ್ಲೆಸ್ಲಿ ಸೇತುವೆಯೂ ಇದೇ ಕ್ರಮದ್ದು. ಅದೇ ಪೂರ್ಣಯ್ಯನವರಿಗೆ 1807ರಲ್ಲಿ ಯಳಂದೂರು ಜಹಗೀರಾಗಿ ಸಿಕ್ಕಿತು. ಕಲ್ಲನ್ನು ಬಳೆಯ ಹಾಗೆ ಕೊರೆದು ಸರಪಣಿ ಮಾಡಿದ ಬಳೆಮಂಟಪ ಇರೋದೂ ಅಲ್ಲೇ. ಈ ಸೀಮೆಯ ಕಲ್ಲುಕುಟಿಗರಿಗೆ ಕಂಬ ನಿಲ್ಲಿಸೋದನ್ನ ಯಾರೂ ಹೇಳಿಕೊಡಬೇಕಿರಲಿಲ್ಲ.

ಆದರೆ ಇದು ಬರೀ ನಕಲಲ್ಲ. ಸೇತುವೆಯ ಮೇಲೆ ನಿಂತು ಉದ್ದಕ್ಕೆ ಕಣ್ಣು ಹಾಯಿಸಿ, ನೇರ ಗೆರೆ ಸಿಗೋದಿಲ್ಲ. ಇಲ್ಲಿ ಕಾವೇರಿ ಒಂದೇ ಹೊಳೆಯಲ್ಲ, ಬಂಡೆಗಳ ನಡುವೆ ಒಡೆದುಹೋದ ನೀರು. ಎಲ್ಲಿ ಗಟ್ಟಿ ಬಂಡೆ ಸಿಕ್ಕಿತೋ ಅಲ್ಲಿ ಕಂಬ, ದಾರಿ ಆಮೇಲೆ. ನಾವಾದರೆ ಮೊದಲು ಕಾಗದದ ಮೇಲೆ ನೇರ ಗೆರೆ ಎಳೆದು, ಬಂಡೆ ಅಡ್ಡ ಬಂದರೆ ಸಿಡಿಮದ್ದು ಇಡ್ತೀವಿ. (ನಾನೂ ಇಂಜಿನಿಯರೇ, ಬೇರೆಯವರನ್ನು ಬೈತಾ ಇಲ್ಲ.)

ಹಾಗಂತ ಹೊಗಳಿಕೆಯೇ ಸಾಕಾಗೋದಿಲ್ಲ. ಕಲ್ಲು ಒತ್ತಡ ತಡೆಯುತ್ತೆ, ಬಾಗಿದರೆ ಮುರಿಯುತ್ತೆ. ಬೋದಿಗೆ ಎರಡೂ ಕಡೆ ಚಾಚಿ ತೊಲೆಯ ಅಂತರ ಸ್ವಲ್ಪ ಕಮ್ಮಿ ಮಾಡುತ್ತೆ ನಿಜ, ಆದರೂ ಕಂಬಗಳು ಹತ್ತಿರ ಹತ್ತಿರವೇ ಬೇಕು. ಮಂಟಪದಲ್ಲಿ ಅದು ಅಂದ, ನದಿಯಲ್ಲಿ ಅಪಾಯ. ಪ್ರವಾಹದಲ್ಲಿ ತೇಲಿ ಬಂದ ಮರ ಕಂಬಗಳ ನಡುವೆ ಸಿಕ್ಕಿ ಸೇತುವೆಯನ್ನೇ ಅರೆ ಅಣೆಕಟ್ಟು ಮಾಡಿಬಿಡುತ್ತೆ. ಮಾದರಿಯನ್ನು ಜಾಗಕ್ಕೆ ಹೊಂದಿಸಿದವರು ಇದೊಂದನ್ನು ಬಿಡಿಸಿಕೊಳ್ಳಲಿಲ್ಲ. ಇತ್ತೀಚಿನ ಪ್ರವಾಹಗಳಲ್ಲಿ ಒಂದಷ್ಟು ಭಾಗ ಕೊಚ್ಚಿಹೋಗಿದ್ದು ನಿಮಗೆಲ್ಲ ಗೊತ್ತೇ ಇದೆ.

ನಮ್ಮಂಥವರಿಗೆ ಇನ್ನೊಂದು ತೊಂದರೆ. ರೈಸ್ ಅವರ 1898ರ ನಾಲ್ಕನೇ ಸಂಪುಟದಲ್ಲಿ ಯಳಂದೂರು ಇದೆ, ಕೊಳ್ಳೇಗಾಲ ಇಲ್ಲ. ಆಗ ಅದು ಮದ್ರಾಸಿನ ಕೊಯಮತ್ತೂರು ಜಿಲ್ಲೆ, 1956ರವರೆಗೂ ಹಾಗೇ ಇತ್ತು. ಗಡಿಯ ಆಚೆ ಈಚೆ ಒಂದೇ ಕೈಗಳು ಕೆಲಸ ಮಾಡಿದ್ದರೂ ಪುಸ್ತಕದಲ್ಲಿ ಅರ್ಧ ಮಾತ್ರ ಕಾಣುತ್ತೆ. ಅದಕ್ಕೇ ಬಿದ್ದ ಕಲ್ಲುಗಳೇ ಈಗ ನಮ್ಮ ಶಾಸನ. ಕಾಂಕ್ರೀಟ್ ತುಂಬಿ ರಿಪೇರಿ ಆಗೋ ಮೊದಲು ಬೇಸಿಗೆಯಲ್ಲಿ, ನೀರು ಇಳಿದಾಗ, ಕಂಬದ ಬುಡದ ಬಂಡೆ, ಕಂಬದಿಂದ ಕಂಬಕ್ಕೆ ಅಂತರ, ಕಲ್ಲಿನ ಮೇಲೆ ಉಳಿಯ ಗುರುತು ಇವನ್ನು ಅಳೆದು ಬರೆದಿಡಬೇಕು. ಟೇಪು ನನ್ನ ಹತ್ತಿರ ಇದೆ. ಇನ್ನೊಂದು ತುದಿ ಹಿಡಿಯೋಕೆ ಯಾರಾದರೂ ಬರೋದಾದ್ರೆ ತಿಳಿಸಿ.