ಮಿತಿಯನ್ನು ಹಿಗ್ಗಿಸುವ ಚಿಕಿತ್ಸೆ

ಏಕಕಾಲದಲ್ಲಿ ಬಂದೆರಗುವ ಕನೆಕ್ಷನ್‌ಗಳ ಭಾರಕ್ಕೆ ಸರ್ವರ್ ತಂತ್ರಾಂಶವೊಂದು ಕುಸಿದುಬಿದ್ದಾಗ, ಅದರ ಪಾಲಕರು ಸಾಮಾನ್ಯವಾಗಿ ಎರಡು ಕ್ರಿಯೆಗಳನ್ನು ನಡೆಸಿ ಕೈತೊಳೆದುಕೊಳ್ಳುತ್ತಾರೆ: ಕಾನ್ಫಿಗರೇಶನ್ ಫೈಲಿನಲ್ಲಿ ಮಿತಿಯೆಂದು ಬರೆದಿರುವ ಅಂಕಿಯನ್ನು ಹಿಗ್ಗಿಸುವುದೊಂದು, ರೀಸ್ಟಾರ್ಟ್ ಮಾಡುವುದಿನ್ನೊಂದು. ಅಪರಾತ್ರಿಯಲ್ಲಿ ಫೋನಿನ ಕರೆಗೆ ಎದ್ದು ಕುಳಿತವನ ಪಾಲಿಗೆ ಇದರಲ್ಲಿ ತತ್ಕಾಲದ ಸಮಾಧಾನವುಂಟೆಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ಈ ಪದ್ಧತಿಯು ಬರಬರುತ್ತಾ ಶಾಸ್ತ್ರದ ಪ್ರತಿಷ್ಠೆಯನ್ನು ಪಡೆದು ರೋಗನಿದಾನದ ಸ್ಥಾನವನ್ನೇ ಆಕ್ರಮಿಸಿರುವುದರಿಂದ, ಇದರ ಯೋಗ್ಯತೆಯನ್ನು ತುಸು ನಿಷ್ಠುರವಾಗಿಯೇ ಪರೀಕ್ಷಿಸಬೇಕಾಗಿದೆ.

ಮೈಎಸ್‌ಕ್ಯುಎಲ್ ಡೇಟಾಬೇಸಿನಲ್ಲಿ, ಯಾರೂ ಕೈಯಾಡಿಸದಿದ್ದರೆ, ಕನೆಕ್ಷನ್‌ಗಳ ಮಿತಿ 151. ಅದನ್ನು ಮೀರಿ ಬಂದವರಿಗೆ 1040 ಎಂಬ ಸಂಖ್ಯೆಯೊಡನೆ ‘ಟೂ ಮೆನಿ ಕನೆಕ್ಷನ್ಸ್’ ಎಂಬ ಉತ್ತರ ದೊರೆಯುತ್ತದೆ. ಬಳಕೆದಾರನ ಕಣ್ಣಿಗೆ ಇದೂ ಒಂದು ಕುಸಿತವೇ. ವಸ್ತುತಃ ಇದು ಕುಸಿತವಲ್ಲ, ಕುಸಿಯದಿರಲೆಂದು ಮಾಡಿದ ನಿರಾಕರಣೆ. ಇದರ ರಚನೆಯಲ್ಲಿ ನಾನು ಅತ್ಯಂತ ಮೆಚ್ಚುವ ಅಂಶವೆಂದರೆ, ಮಿತಿಯು ತುಂಬಿದ ಮೇಲೆಯೂ ಆಡಳಿತಗಾರನಿಗಾಗಿ ಇನ್ನೊಂದು ಸ್ಥಾನವನ್ನು ಮೀಸಲಿಟ್ಟಿರುವುದು. ಮನೆ ತುಂಬ ನೆಂಟರು ನೆರೆದಿದ್ದರೂ ವೈದ್ಯನು ಒಳಗೆ ಬರುವುದಕ್ಕೆ ಹಿತ್ತಲ ಬಾಗಿಲನ್ನು ತೆರವಾಗಿರಿಸಿದಂತೆ. ದಿನದಿನದ ಅಪ್ಲಿಕೇಶನ್‌ಗೇ ಸರ್ವಾಧಿಕಾರದ ಖಾತೆಯನ್ನು ಕೊಟ್ಟುಬಿಡುವ ಸೋಮಾರಿಗಳು ಆ ಬಾಗಿಲಿಗೂ ನೆಂಟರನ್ನೇ ತುಂಬುತ್ತಾರೆಂಬುದು ಬೇರೆ ಮಾತು.

ಮಿತಿಯು ತುಂಬಿತೆಂದರೆ ಬಂದವರು ಹೆಚ್ಚಿದರೆಂದೇ ಅರ್ಥವೆ? 1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿದ ಸೂತ್ರದಂತೆ, ಒಳಗಿರುವವರ ಸರಾಸರಿ ಸಂಖ್ಯೆಯು ಬರುವ ವೇಗವನ್ನು ತಂಗುವ ಕಾಲದಿಂದ ಗುಣಿಸಿದಷ್ಟು. ಸೆಕೆಂಡಿಗೆ 100 ಕೋರಿಕೆಗಳು ಬಂದು ಒಂದೊಂದೂ 0.2 ಸೆಕೆಂಡಿನಲ್ಲಿ ಮುಗಿಯುತ್ತಿದ್ದರೆ 20 ಕನೆಕ್ಷನ್ ಸಾಕು. ಯಾವುದೋ ಕಾರಣದಿಂದ ಒಂದೊಂದೂ 3 ಸೆಕೆಂಡ್ ಹಿಡಿಯಿತೆಂದರೆ, ಒಬ್ಬ ಅತಿಥಿಯೂ ಹೆಚ್ಚದೆ 300 ಬೇಕಾಗುತ್ತದೆ. ಸರ್ವರ್ ಎಂದರೆ ಬಡಿಸುವವನೆಂಬ ಅರ್ಥವೂ ಇರುವುದರಿಂದ ಸಂತರ್ಪಣೆಯ ದೃಷ್ಟಾಂತ ಅಸಂಗತವಾಗಲಾರದು: ಸಾರು ಬರುವುದು ತಡವಾಗಿ ಎಲೆಯ ಮುಂದೆ ಕುಳಿತವರು ಏಳದಿರುವಾಗ, ಹೊರಗೆ ನಿಂತವರಿಗಾಗಿ ಇನ್ನೂ ನೂರು ಎಲೆ ಹಾಕಿಸುವ ಯಜಮಾನನನ್ನು ಯಾರೂ ಜಾಣನೆನ್ನರು, ಅಡಿಗೆಮನೆಯ ಒಲೆಯನ್ನು ಮೊದಲು ನೋಡಬೇಕಾದುದು ನ್ಯಾಯ.

ಇಷ್ಟಾದರೂ ಅಂಕಿಯನ್ನು ಏರಿಸುವುದು ನಿಷ್ಫಲವಾದೀತೇ ಹೊರತು ಅಪಾಯಕರವಲ್ಲವೆಂದು ಭಾವಿಸುವವರುಂಟು. ಅವರು ‘ಸೆಲೆಕ್ಟ್’ ಎಂಬ ಸಿಸ್ಟಂ ಕಾಲ್‌ನ ಚರಿತ್ರೆಯನ್ನು ಗಮನಿಸತಕ್ಕದ್ದು. 1983ರ 4.2 ಬಿಎಸ್‌ಡಿ ಯೂನಿಕ್ಸ್‌ನೊಡನೆ ಬಂದ ಈ ಸಾಧನವು, ಅನೇಕ ಕನೆಕ್ಷನ್‌ಗಳಲ್ಲಿ ಯಾವುದು ಮಾತಾಡಲು ಸಿದ್ಧವಾಗಿದೆಯೆಂಬುದನ್ನು ಒಂದೇ ನೋಟದಲ್ಲಿ ತಿಳಿಸಿಕೊಡುತ್ತದೆ. ಲಿನಕ್ಸ್‌ನಲ್ಲಿ ಅದಕ್ಕಾಗಿ ಬಳಸುವ ಪಟ್ಟಿಯಲ್ಲಿ 1024 ಮನೆಗಳು ಮಾತ್ರ ಇರುತ್ತವೆ. ಒಂದು ಪ್ರೋಸೆಸ್ ತೆರೆಯಬಹುದಾದ ಫೈಲು, ಕನೆಕ್ಷನ್‌ಗಳ ರೂಢಿಯ ಮಿತಿಯೂ 1024 ಆಗಿರುವವರೆಗೆ, ಅದನ್ನು ಮೀರಹೊರಟ ಪ್ರೋಗ್ರಾಮಿಗೆ ‘ಟೂ ಮೆನಿ ಓಪನ್ ಫೈಲ್ಸ್’ ಎಂಬ ಬೈಗುಳವಾದರೂ ದೊರೆಯುತ್ತದೆ. ಆ ಬೈಗುಳಕ್ಕೆ ಬೇಸತ್ತು ಪಾಲಕನು ಮಿತಿಯನ್ನು ಏರಿಸಿದನೆನ್ನಿ: ಮುಂದಿನ ಕನೆಕ್ಷನ್ನಿನ ಗುರುತು ಪಟ್ಟಿಯ ಆಚೆಗೆ, ಇನ್ನಾವುದೋ ವಿಷಯಕ್ಕೆ ಮೀಸಲಾದ ಪಕ್ಕದ ಸ್ಮೃತಿಯ ಮೇಲೆ, ಸದ್ದಿಲ್ಲದೆ ಬೀಳುತ್ತದೆ. ಪ್ರೋಗ್ರಾಮು ಆಗಲೇ ಸಾಯದೆ, ಎಷ್ಟೋ ಹೊತ್ತಿನ ಮೇಲೆ, ಕನೆಕ್ಷನ್‌ಗಳಿಗೆ ಸಂಬಂಧವೇ ಇಲ್ಲದ ಕಡೆಯಲ್ಲಿ ಪ್ರಾಣ ಬಿಡುವುದೂ ಉಂಟು; ಪರೀಕ್ಷಕನು ಹೆಣ ಬಿದ್ದ ಸ್ಥಳವನ್ನೇ ಶೋಧಿಸಿ ದಣಿಯುತ್ತಾನೆ. ಲಿನಕ್ಸ್‌ನಲ್ಲಿ ಸೇವೆಗಳನ್ನು ಆರಂಭಿಸಿ ನೋಡಿಕೊಳ್ಳುವ ಸಿಸ್ಟಂಡಿಯ, 2018ರಲ್ಲಿ ಹೊರಬಂದ 240ನೆಯ ಆವೃತ್ತಿಯು ಮೇಲ್ಮಿತಿಯನ್ನು 5 ಲಕ್ಷಕ್ಕೂ ಮೀರಿ ಏರಿಸಿಯೂ ಆರಂಭದ ಮಿತಿಯನ್ನು 1024ರಲ್ಲೇ ಉಳಿಸಿದ್ದು ಈ ಭಯದಿಂದಲೇ. ಇದು ನಿಜವಾದ ವಿವೇಕ.

ಪ್ರತಿ ಕನೆಕ್ಷನ್‌ಗೂ ಒಂದೊಂದು ಪ್ರೋಸೆಸ್ಸನ್ನು ನಿಯೋಜಿಸುವ ಅಪಾಚಿ ವೆಬ್ ಸರ್ವರಿನ ಹಳೆಯ ಕ್ರಮದಲ್ಲಿ ಲೆಕ್ಕ ಇನ್ನೂ ಒರಟು: ಒಂದಕ್ಕೆ 40 ಎಂಬಿ ಎಂದಿಟ್ಟುಕೊಂಡರೆ 256ಕ್ಕೆ 10 ಜಿಬಿ, ಯಂತ್ರದಲ್ಲಿ ಇಲ್ಲದ ಸ್ಮೃತಿಯನ್ನು ಅಂಕಿ ತಂದುಕೊಡದು. 1999ರಲ್ಲಿ ಡ್ಯಾನ್ ಕೆಗೆಲ್ ಹತ್ತು ಸಾವಿರ ಕನೆಕ್ಷನ್‌ಗಳ ಸಮಸ್ಯೆಯನ್ನು ಮುಂದಿಟ್ಟ ಮೇಲೆ, 2004ರಲ್ಲಿ ಇಗೋರ್ ಸಿಸೋಯೆವ್ ಪ್ರಕಟಿಸಿದ ಎಂಜಿನ್‌ಎಕ್ಸ್ ಮೊದಲಾದ ವೆಬ್ ಸರ್ವರ್‌ಗಳು ಹೆಬ್ಬಾಗಿಲನ್ನು ಅಗಲಿಸಿದುವು, ನಿಜ. ಒಳಗಣ ಡೇಟಾಬೇಸಿನ ಬಾಗಿಲು ಇದ್ದಷ್ಟೇ ಇದೆ.

ಇನ್ನು ರೀಸ್ಟಾರ್ಟ್. ಮೀಸಲು ಬಾಗಿಲಿನಿಂದ ಡೇಟಾಬೇಸಿನೊಳಕ್ಕೆ ಹೋಗಿ, ನಡೆಯುತ್ತಿರುವ ಕೆಲಸಗಳ ಪಟ್ಟಿಯನ್ನು ತೆರೆಸಿದವನಿಗೆ ಅನೇಕ ಸಲ ಕಾಣುವ ನೋಟವಿದು: ನೂರೈವತ್ತಕ್ಕೆ ಸಮೀಪ ಕನೆಕ್ಷನ್‌ಗಳು ಒಂದೇ ಟೇಬಲ್ಲಿನ ಬೀಗಕ್ಕಾಗಿ ಕಾಯುತ್ತಿರುತ್ತವೆ, ಅವುಗಳ ಮುಂದೆ ಆ ಟೇಬಲ್ಲಿನ ರಚನೆಯನ್ನು ಬದಲಿಸಹೊರಟ ‘ಆಲ್ಟರ್’ ಆಜ್ಞೆಯೊಂದು ತಾನೂ ಕಾಯುತ್ತಿರುತ್ತದೆ, ಅದಕ್ಕೂ ಮುಂದೆ, ಯಾರೋ ಓದಲು ತೆರೆದು ಮುಗಿಸದೆ ಎದ್ದುಹೋದ ಟ್ರಾನ್ಸಾಕ್ಷನ್ ಒಂದು, ‘ಸ್ಲೀಪ್’ ಎಂಬ ನಿರುಪದ್ರವಿ ಹೆಸರಿನಡಿಯಲ್ಲಿ ಮಲಗಿರುತ್ತದೆ. ರೀಸ್ಟಾರ್ಟ್ ಮಾಡಿದರೆ ಅದೂ ಉಳಿದವರೊಡನೆ ಅಳಿದು, ವ್ಯಾಧಿ ವಾಸಿಯಾದಂತೆ ತೋರುವುದೇನೋ ಹೌದು. ಆದರೆ ಮಲಗಿದ್ದವನು ಯಾರೆಂಬುದು ಅಲ್ಲಿಗೆ ಅಳಿಸಿಹೋಗಿ, ಮುಂದಿನ ವಾರ ಅವನೇ ಬಂದು ಮತ್ತೆ ಮಲಗುತ್ತಾನೆ. ಅದರ ಬದಲು ಆ ಒಂದನ್ನು ಮಾತ್ರ ಗುರುತಿಸಿ ಕೊನೆಗಾಣಿಸಿದರೆ, ಹಿಂದಿನ ಸಾಲೆಲ್ಲವೂ ಕರಗತೊಡಗುತ್ತದೆ; ಮಿತಿ ಆಗಲೂ 151ರಲ್ಲೇ ಇರುತ್ತದೆ.